ಚೆಂಡು ಪ್ಯಾಡಲ್‌ಗೆ ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಇಟ್ಟಿಗೆ ದಾಟಿಯೇ ಹೋಗುತ್ತದೆ. ಕೊಲಿಷನ್ (ಒಂದಕ್ಕೊಂದು ತಾಗುವುದು) ಸರಿ ಮಾಡುವುದು ಹೇಗೆ?

ಮಿಡಿತೆ:
ಎಲ್ಲರಿಗೂ ನಮಸ್ಕಾರ. ಪೈಗೇಮ್‌ನಲ್ಲಿ (ಆಟ ಬರೆಯಲು ಇರುವ ಪೈಥಾನ್ ಲೈಬ್ರರಿ) ಇಟ್ಟಿಗೆ ಒಡೆಯುವ ಆಟ ಬರೆಯುತ್ತಿದ್ದೇನೆ. ಕೆಳಗೆ ಪ್ಯಾಡಲ್ (ಚೆಂಡು ಹೊಡೆಯುವ ಹಲಗೆ), ಮೇಲೆ ಇಟ್ಟಿಗೆ ಸಾಲುಗಳು, ನಡುವೆ ಒಂದು ಚೆಂಡು. ಚೆಂಡು 16×16 ಪಿಕ್ಸೆಲ್, ಪ್ಯಾಡಲ್ 100×16, ಇಟ್ಟಿಗೆ 60×20. ಚೆಂಡಿನ ವೇಗ ಸೆಕೆಂಡಿಗೆ 900 ಪಿಕ್ಸೆಲ್.

ತಾಗಿದೆಯಾ ಎಂದು ನೋಡಲು ರೆಕ್ಟ್‌ನ (ಪೈಗೇಮ್‌ನ ಆಯತ) ಕೊಲೈಡ್‌ರೆಕ್ಟ್ ಎಂಬ ಫಂಕ್ಷನ್ ಬಳಸುತ್ತಿದ್ದೇನೆ. ತಾಗಿದರೆ ವೈ ವೇಗವನ್ನು ತಿರುಗಿಸುತ್ತೇನೆ, ಅಷ್ಟೇ. ಮುಕ್ಕಾಲು ಭಾಗ ಸರಿಯಾಗಿಯೇ ಆಡುತ್ತದೆ. ಆದರೆ ಮೂರು ತೊಂದರೆ ಇವೆ.

ಪ್ಯಾಡಲ್ ಓಡಿಸಿಕೊಂಡು ಬಂದು ಪಕ್ಕದಿಂದ ಚೆಂಡಿಗೆ ತಾಗಿಸಿದರೆ, ಚೆಂಡು ಅದರೊಳಗೇ ಸಿಕ್ಕಿಕೊಂಡು ನಡುಗುತ್ತದೆ. ಎರಡು ಇಟ್ಟಿಗೆಗಳ ಸಂದಿಗೆ ಹೊಡೆದರೆ ಎರಡೂ ಒಡೆಯುತ್ತವೆ, ಆದರೆ ಚೆಂಡು ವಾಪಸ್ ಬರುವುದಿಲ್ಲ, ಮೇಲಕ್ಕೇ ಹೋಗುತ್ತದೆ. ಮೂರನೆಯದು, ಅಪರೂಪಕ್ಕೊಮ್ಮೆ ಇಟ್ಟಿಗೆ ಇರುವುದೇ ಗೊತ್ತಿಲ್ಲದ ಹಾಗೆ ಚೆಂಡು ಆಚೆ ದಾಟಿಬಿಡುತ್ತದೆ.

ಇದಕ್ಕೆಲ್ಲ ಬಾಕ್ಸ್2ಡಿ ತರಹದ ಫಿಸಿಕ್ಸ್ ಎಂಜಿನ್ ಹಾಕಿಕೊಳ್ಳಬೇಕಾ?

ಸೊನ್ನೆಒಂದು:
ಬೇಡ. ಇಷ್ಟು ಚಿಕ್ಕ ಆಟಕ್ಕೆ ಎಂಜಿನ್ ತಂದರೆ ಅದರ ಘರ್ಷಣೆ, ತೂಕ, ಪುಟಿತ ಎಲ್ಲವನ್ನೂ ನಮಗೆ ಬೇಕಾದ ಹಾಗೆ ತಿದ್ದುತ್ತಾ ಕೂರಬೇಕು. ಚೆಂಡಿನ ವೇಗ ಒಂದಿಷ್ಟೂ ಕಡಿಮೆಯಾಗದೆ ಓಡುತ್ತಿರಬೇಕು ಎನ್ನುವುದು ನಿಮ್ಮ ಆಟದ ಬೇಡಿಕೆ. ನಿಜವಾದ ಭೌತಶಾಸ್ತ್ರಕ್ಕೂ ಅದಕ್ಕೂ ಆಗಿಬರುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ಮೂರೂ ತೊಂದರೆಗಳಿಗೆ "ತಾಗಿದೆಯಾ" ಎಂಬ ಪರೀಕ್ಷೆ ಕಾರಣವಲ್ಲ. ಅದು ಸರಿಯಾಗಿಯೇ ಉತ್ತರ ಕೊಡುತ್ತಿದೆ. ತಾಗಿದ ಮೇಲೆ ಏನು ಮಾಡುತ್ತೀರಿ, ಪರೀಕ್ಷೆಯನ್ನು ಯಾವಾಗ ಮಾಡುತ್ತೀರಿ, ಇವೆರಡೇ ತಪ್ಪಿರುವುದು.

ಮೊದಲು ನಡುಕ. ಈ ಫ್ರೇಮ್‌ನಲ್ಲಿ (ಪರದೆಗೆ ಒಂದು ಸಲ ಬಿಡಿಸುವ ಚಿತ್ರ) ಚೆಂಡು ಪ್ಯಾಡಲ್ ಒಳಗೆ ಆಳವಾಗಿ ಇದೆ. ನೀವು ವೇಗ ತಿರುಗಿಸಿದಿರಿ. ಮುಂದಿನ ಫ್ರೇಮ್‌ನಲ್ಲಿ ಚೆಂಡು ಸ್ವಲ್ಪ ಮೇಲೆ ಬಂತು, ಆದರೆ ಪೂರ್ತಿ ಹೊರಗೆ ಬರಲಿಲ್ಲ. ಇನ್ನೂ ತಾಗಿಯೇ ಇದೆ ಅಲ್ವಾ? ಮತ್ತೆ ತಿರುಗಿಸಿದಿರಿ, ಮತ್ತೆ ಕೆಳಗೆ. ಹೀಗೇ ಮೇಲೆ ಕೆಳಗೆ ಮೇಲೆ ಕೆಳಗೆ.

ತಿರುಗಿಸುವುದನ್ನು ಬಿಟ್ಟು ದಿಕ್ಕನ್ನೇ ನೇರವಾಗಿ ಹೇಳಿ. ಜೊತೆಗೆ ಚೆಂಡನ್ನು ಹೊರಗೆ ತಂದು ಇಡಿ:

ತಾಗಿದ್ದರೆ ಮತ್ತು ವೈ ವೇಗ > 0 ಇದ್ದರೆ:
    ಚೆಂಡು.ಕೆಳಗೆ = ಪ್ಯಾಡಲ್.ಮೇಲೆ
    ವೈ ವೇಗ = −|ವೈ ವೇಗ|

ಪರದೆಯಲ್ಲಿ ವೈ ಕೆಳಮುಖವಾಗಿ ಬೆಳೆಯುತ್ತದೆ. ಹಾಗಾಗಿ ಮೈನಸ್ ಎಂದರೆ ಮೇಲಕ್ಕೆ. ಚೆಂಡು ಕೆಳಗೆ ಇಳಿಯುತ್ತಿದ್ದರೆ ಮಾತ್ರ ಇದು ನಡೆಯುತ್ತದೆ. ಒಮ್ಮೆ ಮೇಲಕ್ಕೆ ಹೊರಟ ಮೇಲೆ ಎಷ್ಟು ಸಲ ತಾಗಿದರೂ ತಲೆಕೆಡಿಸಿಕೊಳ್ಳುವುದಿಲ್ಲ.

ರಾತ್ರಿಕೋಡರ್:
ಪಕ್ಕದಿಂದ ತಾಗಿದಾಗಲೂ ಚೆಂಡು ಟಕ್ ಎಂದು ಮೇಲೆ ಹಾರುತ್ತದಲ್ಲ? ನೋಡುವುದಕ್ಕೆ ವಿಚಿತ್ರ ಅನ್ನಿಸುವುದಿಲ್ಲವೇ?

ಸೊನ್ನೆಒಂದು:
ಹೆಚ್ಚೆಂದರೆ 32 ಪಿಕ್ಸೆಲ್ ಹಾರುತ್ತದೆ. ಆ ಗಡಿಬಿಡಿಯಲ್ಲಿ ಆಟಗಾರರಿಗೆ "ಅಬ್ಬಾ, ಉಳಿಸಿಕೊಂಡೆ" ಅನ್ನಿಸುತ್ತದೆಯೇ ಹೊರತು ಚೆಂಡು ಹಾರಿದ್ದು ಕಣ್ಣಿಗೆ ಬೀಳುವುದಿಲ್ಲ. ಅಷ್ಟೂ ಬೇಡ ಎಂದರೆ ಚೆಂಡಿನ ನಡುಬಿಂದು ಪ್ಯಾಡಲ್‌ನ ನಡುಗೆರೆಗಿಂತ ಕೆಳಗಿದ್ದರೆ ಬಿಟ್ಟುಬಿಡಿ, ಬೀಳಲಿ.

ಗೆರೆಮನೆ:
ಕೊಲೈಡ್‌ರೆಕ್ಟ್ ಒಳಗೆ ಏನಿದೆ ಎಂದು ಒಂದು ಸಲ ಕೈಯಾರೆ ಬರೆದು ನೋಡುವುದು ಒಳ್ಳೆಯದು. ನಾಲ್ಕೇ ಹೋಲಿಕೆ.

ಎರಡು ಬಾಕ್ಸ್ ಯಾವಾಗ ತಾಗುವುದಿಲ್ಲ ಎಂದು ಮೊದಲು ಯೋಚಿಸಿ. ಒಂದು ಪೂರ್ತಿ ಎಡಕ್ಕಿದ್ದರೆ, ಪೂರ್ತಿ ಬಲಕ್ಕಿದ್ದರೆ, ಪೂರ್ತಿ ಮೇಲಿದ್ದರೆ, ಪೂರ್ತಿ ಕೆಳಗಿದ್ದರೆ. ಈ ನಾಲ್ಕರಲ್ಲಿ ಯಾವುದೂ ಇಲ್ಲ ಎಂದರೆ ತಾಗಿದೆ ಎಂದರ್ಥ. ತಿರುಗಿಸಿ ಬರೆದರೆ:

ತಾಗಿದೆ = ಅ.ಎಡ < ಬ.ಬಲ ಮತ್ತು ಅ.ಬಲ > ಬ.ಎಡ ಮತ್ತು ಅ.ಮೇಲೆ < ಬ.ಕೆಳಗೆ ಮತ್ತು ಅ.ಕೆಳಗೆ > ಬ.ಮೇಲೆ

ಬಾಕ್ಸ್‌ಗಳು ಓರೆಯಾಗಿ ತಿರುಗಿರಬಾರದು, ಅದೊಂದೇ ಷರತ್ತು. ಇದಕ್ಕೆ ಎಎಬಿಬಿ (ಅಕ್ಷಗಳಿಗೆ ನೇರವಾಗಿ ನಿಂತ ಬಾಕ್ಸ್) ಪರೀಕ್ಷೆ ಎನ್ನುತ್ತಾರೆ.

ಇಲ್ಲಿ < ಹಾಕಬೇಕಾ ≤ ಹಾಕಬೇಕಾ ಎನ್ನುವುದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ, ಆದರೆ ಅಲ್ಲ. ≤ ಹಾಕಿದರೆ ಅಂಚಿಗೆ ಅಂಚು ಸೇರಿದ್ದರೂ ತಾಗಿದೆ ಎನ್ನುತ್ತದೆ. ನೀವು ಚೆಂಡನ್ನು ಹೊರಗೆ ತಂದು ಸರಿಯಾಗಿ ಅಂಚಿಗೆ ಇಟ್ಟಿರಿ, ಆದರೂ ಮುಂದಿನ ಪರೀಕ್ಷೆ ತಾಗಿದೆ ಎನ್ನುತ್ತದೆ. ನೆಲದ ಮೇಲೆ ನಡೆಯುವ ಪಾತ್ರ ಇರುವ ಆಟದಲ್ಲಂತೂ ನೆಲವೇ ಗೋಡೆಯಾಗಿ ಅಡ್ಡ ಬರುತ್ತದೆ. ಪೈಗೇಮ್ ಅಂಚಿಗೆ ಅಂಚು ಸೇರಿದ್ದನ್ನು ತಾಗಿದೆ ಎಂದು ಲೆಕ್ಕ ಹಾಕುವುದಿಲ್ಲ, ಹಾಗಾಗಿ ನೀವು ಬಚಾವ್.

ಮಿಡಿತೆ:
ಪ್ಯಾಡಲ್ ನಡುಕ ನಿಂತಿತು, ಥ್ಯಾಂಕ್ಸ್! ಆದರೆ ಇಟ್ಟಿಗೆಗೆ ಇದೇ ಉಪಾಯ ಹಾಕಲು ಆಗುತ್ತಿಲ್ಲ. ಚೆಂಡು ಇಟ್ಟಿಗೆಗೆ ಕೆಳಗಿನಿಂದಲೂ ಬರಬಹುದು, ಪಕ್ಕದಿಂದಲೂ ಬರಬಹುದು. ಎಕ್ಸ್ ತಿರುಗಿಸಬೇಕಾ ವೈ ತಿರುಗಿಸಬೇಕಾ ಎಂದು ಗೊತ್ತಾಗುವುದು ಹೇಗೆ?

ರಾತ್ರಿಕೋಡರ್:
ಎಷ್ಟು ಒಳಗೆ ಹೋಗಿದೆ ಎಂದು ಎರಡೂ ದಿಕ್ಕಿನಲ್ಲಿ ಅಳೆಯಿರಿ. ಎಕ್ಸ್‌ನಲ್ಲಿ 3 ಪಿಕ್ಸೆಲ್, ವೈನಲ್ಲಿ 9 ಪಿಕ್ಸೆಲ್ ಒಳಗೆ ಹೋಗಿದ್ದರೆ ಪಕ್ಕದಿಂದ ಬಂದಿದೆ ಎಂದು ಲೆಕ್ಕ. ಕಡಿಮೆ ಇರುವ ದಿಕ್ಕಿನಲ್ಲೇ ಹೊರಗೆ ತಳ್ಳಿ, ಆ ದಿಕ್ಕಿನ ವೇಗ ತಿರುಗಿಸಿ. ಸುಮ್ನೆ ಎರಡು ಕಳೆಯುವ ಲೆಕ್ಕ, ಒಂದು ಹೋಲಿಕೆ. ನಾನು ಎಲ್ಲ ಕಡೆ ಇದನ್ನೇ ಬಳಸುತ್ತೇನೆ.

ಗೆರೆಮನೆ:
ಒಂಟಿ ಬಾಕ್ಸ್‌ಗೆ ಇದು ಸಾಕು. ಸಾಲಾಗಿ ಜೋಡಿಸಿದ ಇಟ್ಟಿಗೆಗಳಿಗೆ ಕೈ ಕೊಡುತ್ತದೆ.

ಎರಡು ಇಟ್ಟಿಗೆ ಅಂಟಿಕೊಂಡು ಕೂತಿವೆ ಎನ್ನಿ. ಚೆಂಡು ಕೆಳಗಿನಿಂದ ಬಂದು ಸಂದಿಯ ಹತ್ತಿರ ಹೊಡೆಯಿತು. ಎಡಗಡೆಯ ಇಟ್ಟಿಗೆ ಮೇಲೆ ಎಕ್ಸ್‌ನಲ್ಲಿ 15 ಪಿಕ್ಸೆಲ್, ಬಲಗಡೆಯದರ ಮೇಲೆ 1 ಪಿಕ್ಸೆಲ್. ವೈನಲ್ಲಿ ಎರಡಕ್ಕೂ 5. ಈಗ ಬಲಗಡೆ ಇಟ್ಟಿಗೆಯನ್ನು ಕೇಳಿದರೆ "1 ಕಡಿಮೆ, ಆದ್ದರಿಂದ ನನ್ನ ಎಡ ಪಕ್ಕಕ್ಕೆ ಹೊಡೆದಿದೆ" ಎನ್ನುತ್ತದೆ. ಅದರ ಎಡ ಪಕ್ಕ ಇನ್ನೊಂದು ಇಟ್ಟಿಗೆಯ ಹಿಂದೆ ಮುಚ್ಚಿಹೋಗಿದೆ, ಅಲ್ಲಿಗೆ ಯಾರೂ ಹೊಡೆಯಲು ಸಾಧ್ಯವೇ ಇಲ್ಲ! ಆದರೂ ಚೆಂಡು ಅಡ್ಡಕ್ಕೆ ಪುಟಿಯುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯುವ ಪಾತ್ರ ಇದ್ದಕ್ಕಿದ್ದ ಹಾಗೆ ಎಡವುವುದೂ ಇದೇ ಕಾರಣಕ್ಕೆ.

ಸೊನ್ನೆಒಂದು:
ಗೆರೆಮನೆ ಹೇಳಿದ್ದು ನಿಜ. ಅದಕ್ಕೆ ನನ್ನ ಓಟು ಇದಕ್ಕೆ: ಎರಡು ದಿಕ್ಕಿನ ಚಲನೆಯನ್ನು ಬೇರೆ ಬೇರೆ ಮಾಡಿ. ಮೊದಲು ಎಕ್ಸ್‌ನಲ್ಲಿ ಮಾತ್ರ ಸರಿಸಿ, ಪರೀಕ್ಷೆ ಮಾಡಿ, ಸರಿಪಡಿಸಿ. ಆಮೇಲೆ ವೈನಲ್ಲಿ ಸರಿಸಿ, ಪರೀಕ್ಷೆ ಮಾಡಿ, ಸರಿಪಡಿಸಿ.

ಚೆಂಡು.ಎಕ್ಸ್ += ಎಕ್ಸ್ ವೇಗ × ಸಮಯ
ತಾಗಿದ ಇಟ್ಟಿಗೆಗಳನ್ನೆಲ್ಲ ಒಟ್ಟು ಮಾಡು
ಒಂದಾದರೂ ಇದ್ದರೆ:
    ಬಲಕ್ಕೆ ಹೋಗುತ್ತಿದ್ದರೆ ಚೆಂಡು.ಬಲ = ಅವುಗಳಲ್ಲಿ ಅತಿ ಎಡದ ಅಂಚು
    ಎಡಕ್ಕೆ ಹೋಗುತ್ತಿದ್ದರೆ ಚೆಂಡು.ಎಡ = ಅವುಗಳಲ್ಲಿ ಅತಿ ಬಲದ ಅಂಚು
    ಎಕ್ಸ್ ವೇಗ = −ಎಕ್ಸ್ ವೇಗ

ವೈಗೂ ಇದೇ. ಎಕ್ಸ್ ಸರಿಸಿದ್ದರಿಂದ ತಾಗಿದ್ದರೆ ಅದು ಪಕ್ಕದ ಹೊಡೆತವೇ, ಬೇರೆ ದಾರಿ ಇಲ್ಲ. ಊಹೆ ಮಾಡುವ ಕೆಲಸವೇ ಬರುವುದಿಲ್ಲ.

"ಎಲ್ಲ ಒಟ್ಟು ಮಾಡು" ಎಂದು ಬರೆದದ್ದನ್ನು ಗಮನಿಸಿ. ನಿಮ್ಮ ಎರಡನೇ ತೊಂದರೆಗೆ ಅದೇ ಉತ್ತರ. ಈಗ ನಿಮ್ಮ ಲೂಪ್ ಒಂದೊಂದು ಇಟ್ಟಿಗೆಗೂ ವೇಗ ತಿರುಗಿಸುತ್ತಿದೆ. ಎರಡು ಇಟ್ಟಿಗೆ ಒಟ್ಟಿಗೆ ತಾಗಿದರೆ ಎರಡು ಸಲ ತಿರುಗಿ ಮೊದಲಿನ ದಿಕ್ಕಿಗೇ ಬಂತು. ಒಂದು ದಿಕ್ಕಿಗೆ ಒಂದು ಫ್ರೇಮ್‌ನಲ್ಲಿ ಒಂದೇ ಸಲ ತಿರುಗಿಸಿ. ಎರಡೂ ಇಟ್ಟಿಗೆ ಒಡೆಯಬೇಕಾ, ಜಾಸ್ತಿ ತಾಗಿದ್ದು ಮಾತ್ರ ಒಡೆಯಬೇಕಾ ಎನ್ನುವುದು ನಿಮ್ಮಿಷ್ಟ.

ರಾತ್ರಿಕೋಡರ್:
ಮೂಲೆಗೆ ಸರಿಯಾಗಿ ಬಂದರೆ? ಯಾವುದನ್ನು ಮೊದಲು ಸರಿಸುತ್ತೀರೋ ಅದರ ಮೇಲೆ ಉತ್ತರ ಬದಲಾಗುತ್ತದಲ್ಲ.

ಸೊನ್ನೆಒಂದು:
ಹೌದು, ಬದಲಾಗುತ್ತದೆ. ಎಕ್ಸ್ ಮೊದಲು ಸರಿಸಿದರೆ, ಆಗಿನ್ನೂ ಚೆಂಡು ಇಟ್ಟಿಗೆಯ ಮಟ್ಟಕ್ಕೆ ಬಂದಿರುವುದಿಲ್ಲ. ಆಮೇಲೆ ವೈ ಸರಿಸಿದಾಗ ತಾಗುತ್ತದೆ. ಹಾಗಾಗಿ ಮೂಲೆಯ ಹೊಡೆತ ಯಾವಾಗಲೂ ಮೇಲೆ-ಕೆಳಗಿನ ಹೊಡೆತವಾಗುತ್ತದೆ. ಇಟ್ಟಿಗೆ ಆಟಕ್ಕೆ ಇದರಿಂದ ನಷ್ಟವೇನಿಲ್ಲ.

ಬಿಟ್‌ಬಳ್ಳಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಿಡಿತೆ ಅವರೇ, ಇಟ್ಟಿಗೆ ಪಟ್ಟಿಯ ಮೇಲೆ ಲೂಪ್ ಓಡುತ್ತಿರುವಾಗಲೇ ಒಡೆದ ಇಟ್ಟಿಗೆಯನ್ನು ಪಟ್ಟಿಯಿಂದ ರಿಮೂವ್ ಮಾಡುತ್ತಿಲ್ಲ ತಾನೇ? ಪೈಥಾನ್‌ನಲ್ಲಿ ಹಾಗೆ ಮಾಡಿದರೆ ಉಳಿದವು ಒಂದು ಸ್ಥಾನ ಹಿಂದೆ ಸರಿಯುತ್ತವೆ, ಮುಂದಿನ ಇಟ್ಟಿಗೆಗೆ ಪರೀಕ್ಷೆಯೇ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಮೊದಲು ತಾಗಿದ್ದನ್ನೆಲ್ಲ ಬೇರೆ ಪಟ್ಟಿಗೆ ಹಾಕಿ, ಲೂಪ್ ಮುಗಿದ ಮೇಲೆ ತೆಗೆಯಿರಿ.

ಮಿಡಿತೆ:
ಅದನ್ನೂ ಮಾಡುತ್ತಿದ್ದೆ 🙂 ತೆಗೆದೆ. ಸಂದಿ ಹೊಡೆತ ಈಗ ಪಕ್ಕಾ ಕೆಲಸ ಮಾಡುತ್ತಿದೆ. ಉಳಿದದ್ದು ದಾಟಿ ಹೋಗುವುದು.

ಗೆರೆಮನೆ:
ಅದಕ್ಕೆ ಟನೆಲಿಂಗ್ ಎನ್ನುತ್ತಾರೆ. ಆಟದ ಮಟ್ಟಿಗೆ ಚೆಂಡು ಓಡುವುದೇ ಇಲ್ಲ. ಒಂದು ಜಾಗದಲ್ಲಿ ಮಾಯವಾಗಿ ಇನ್ನೊಂದು ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ಜಾಗಗಳ ನಡುವೆ ಇಟ್ಟಿಗೆ ಇದ್ದರೆ ಯಾವ ಪರೀಕ್ಷೆಗೂ ಅದು ಸಿಗುವುದಿಲ್ಲ.

ಆದರೆ ನಿಮ್ಮ ಲೆಕ್ಕ ನೋಡಿ. ಇಟ್ಟಿಗೆಯ ಎತ್ತರ 20, ಚೆಂಡಿನದು 16, ಸೇರಿ 36. ಒಂದು ಫ್ರೇಮ್‌ನಲ್ಲಿ 36ಕ್ಕಿಂತ ಹೆಚ್ಚು ಜಿಗಿದರೆ ಮಾತ್ರ ಪೂರ್ತಿ ತಪ್ಪಿಸಿಕೊಳ್ಳಲು ಸಾಧ್ಯ. ಸೆಕೆಂಡಿಗೆ 900 ಪಿಕ್ಸೆಲ್, 60 ಫ್ರೇಮ್ ಎಂದರೆ ಜಿಗಿತ 15. ದಾಟಲು ಸಾಧ್ಯವೇ ಇಲ್ಲ. ಹಾಗಾದರೆ ನಿಮ್ಮ ಫ್ರೇಮ್ ಎಲ್ಲೋ ಉದ್ದವಾಗುತ್ತಿದೆ. ಫ್ರೇಮ್ ಸಮಯವನ್ನು ಪ್ರಿಂಟ್ ಮಾಡಿ ನೋಡಿ.

ಮಿಡಿತೆ:
ನೋಡಿದೆ. ಸಾಮಾನ್ಯವಾಗಿ 16 ಅಥವಾ 17 ಮಿಲಿಸೆಕೆಂಡ್. ಇಟ್ಟಿಗೆ ಒಡೆದ ತಕ್ಷಣ ಮಾತ್ರ ಒಮ್ಮೊಮ್ಮೆ 50 ದಾಟುತ್ತದೆ!

ಬಿಟ್‌ಬಳ್ಳಿ:
ಇಟ್ಟಿಗೆ ಒಡೆದಾಗ ಸದ್ದು ಬರುತ್ತದಲ್ಲ. ಆ ಸೌಂಡ್ ಫೈಲನ್ನು ಪ್ರತಿ ಸಲ ಡಿಸ್ಕ್‌ನಿಂದ ಓದುತ್ತಿದ್ದೀರಾ?

ಮಿಡಿತೆ:
ಹೌದು. ಅದನ್ನೂ ಕೊಲಿಷನ್‌ನನ್ನೂ ನಾನು ಜೋಡಿಸಿ ಯೋಚಿಸಿಯೇ ಇರಲಿಲ್ಲ.

ಗೆರೆಮನೆ:
ಸಿಕ್ಕಿತು ನೋಡಿ. 50 ಮಿಲಿಸೆಕೆಂಡಿಗೆ ಜಿಗಿತ 45 ಪಿಕ್ಸೆಲ್. ಒಂದು ಇಟ್ಟಿಗೆ ಒಡೆದದ್ದೇ ಪಕ್ಕದ ಇಟ್ಟಿಗೆ ತಪ್ಪಿಸಿಕೊಳ್ಳಲು ಕಾರಣ. ಸೌಂಡನ್ನು ಆಟ ಶುರುವಾಗುವಾಗ ಒಂದೇ ಸಲ ಲೋಡ್ ಮಾಡಿ ಇಟ್ಟುಕೊಳ್ಳಿ.

ಅಷ್ಟಕ್ಕೇ ನಿಲ್ಲಿಸಬೇಡಿ. ಆಡುವವರು ಕಿಟಕಿಯನ್ನು ಎಳೆದರೂ, ಬೇರೆ ಪ್ರೋಗ್ರಾಂ ಎದ್ದು ಕೂತರೂ ಫ್ರೇಮ್ ಉದ್ದವಾಗುತ್ತದೆ. ಆಟದ ಲೆಕ್ಕಕ್ಕೂ ಚಿತ್ರ ಬಿಡಿಸುವುದಕ್ಕೂ ಇರುವ ಗಂಟನ್ನು ಬಿಚ್ಚಬೇಕು. ಲೆಕ್ಕ ಯಾವಾಗಲೂ ಒಂದೇ ಅಳತೆಯ ಹೆಜ್ಜೆಯಲ್ಲಿ ನಡೆಯಲಿ:

ಹೆಜ್ಜೆ = 1/120 ಸೆಕೆಂಡ್
ಪ್ರತಿ ಫ್ರೇಮ್‌ನಲ್ಲಿ:
    ಬಾಕಿ += ಫ್ರೇಮ್ ಸಮಯ (0.1 ಸೆಕೆಂಡಿಗಿಂತ ಜಾಸ್ತಿ ಇದ್ದರೆ 0.1 ಮಾತ್ರ)
    ಬಾಕಿ ≥ ಹೆಜ್ಜೆ ಇರುವ ತನಕ:
        ಆಟವನ್ನು ಒಂದು ಹೆಜ್ಜೆ ನಡೆಸು
        ಬಾಕಿ −= ಹೆಜ್ಜೆ
    ಚಿತ್ರ ಬಿಡಿಸು

ಈಗ ಫ್ರೇಮ್ ಎಷ್ಟೇ ಉದ್ದವಾಗಲಿ, ಚೆಂಡು ಒಂದು ಹೆಜ್ಜೆಗೆ 7.5 ಪಿಕ್ಸೆಲ್‌ಗಿಂತ ಜಾಸ್ತಿ ಸರಿಯುವುದಿಲ್ಲ. 0.1ರ ಮಿತಿ ಯಾಕೆಂದರೆ, ಕಂಪ್ಯೂಟರ್ ನಿಧಾನವಾದಾಗ ಬಾಕಿ ಬೆಳೆಯುತ್ತದೆ, ಅದನ್ನು ತೀರಿಸಲು ಇನ್ನಷ್ಟು ಹೊತ್ತು ಹಿಡಿಯುತ್ತದೆ, ಅದರಿಂದ ಬಾಕಿ ಮತ್ತೂ ಬೆಳೆಯುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ರಾತ್ರಿಕೋಡರ್:
ಗುಂಡು ಹಾರಿಸುವ ಆಟಕ್ಕೆ ಇದು ಸಾಲುವುದಿಲ್ಲ ಎಂದು ಸೇರಿಸುತ್ತೇನೆ. 4 ಪಿಕ್ಸೆಲ್ ಗುಂಡು, 8 ಪಿಕ್ಸೆಲ್ ಗೋಡೆ, ಸೆಕೆಂಡಿಗೆ 3000 ಪಿಕ್ಸೆಲ್ ವೇಗ ಎಂದರೆ 120ರ ಹೆಜ್ಜೆಯಲ್ಲೂ ಜಿಗಿತ 25. ಅಲ್ಲಿ ಹಳೆಯ ಜಾಗದಿಂದ ಹೊಸ ಜಾಗಕ್ಕೆ ಗೆರೆ ಎಳೆದು, ಆ ಗೆರೆ ಗೋಡೆಯನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡಬೇಕು. ಗುಂಡಿನ ಗಾತ್ರ ಲೆಕ್ಕಕ್ಕೆ ಬರಬೇಕೆಂದರೆ ಗೋಡೆಯನ್ನು ಗುಂಡಿನ ಅರ್ಧ ಅಳತೆಯಷ್ಟು ಎಲ್ಲ ಕಡೆ ಹಿಗ್ಗಿಸಿ, ಗುಂಡನ್ನು ಬರೀ ಚುಕ್ಕೆ ಎಂದುಕೊಳ್ಳಿ.

ಮಿಡಿತೆ:
ಹೆಜ್ಜೆ ಹಾಕಿದೆ, ದಾಟುವುದು ನಿಂತಿದೆ. ಆದರೆ ಹೊಸದೊಂದು ಶುರುವಾಗಿದೆ. ಚೆಂಡು ಎಡಕ್ಕೆ ಹೋಗುವಾಗ ಸ್ವಲ್ಪ ಜೋರು, ಬಲಕ್ಕೆ ಹೋಗುವಾಗ ಸ್ವಲ್ಪ ನಿಧಾನ. ಭ್ರಮೆ ಅಂತೂ ಅಲ್ಲ.

ಸೊನ್ನೆಒಂದು:
ಭ್ರಮೆ ಅಲ್ಲ. ಪೈಗೇಮ್‌ನ ರೆಕ್ಟ್ ಪೂರ್ಣಾಂಕ ಮಾತ್ರ ಇಟ್ಟುಕೊಳ್ಳುತ್ತದೆ, ದಶಾಂಶವನ್ನು ಕತ್ತರಿಸುತ್ತದೆ. 100ಕ್ಕೆ 7.5 ಕೂಡಿಸಿದರೆ 107.5, ಉಳಿಯುವುದು 107. ಅಂದರೆ 7 ಸರಿಯಿತು. 100ರಿಂದ 7.5 ಕಳೆದರೆ 92.5, ಉಳಿಯುವುದು 92. ಅಂದರೆ 8 ಸರಿಯಿತು. ಸೆಕೆಂಡಿಗೆ 120 ಸಲ ಇದು ನಡೆದರೆ ಕಣ್ಣಿಗೆ ಕಾಣದೆ ಇರುತ್ತದೆಯೇ?

ಚೆಂಡಿನ ಜಾಗವನ್ನು ಬೇರೆ ಫ್ಲೋಟ್‌ಗಳಲ್ಲಿ (ದಶಾಂಶ ಸಂಖ್ಯೆಗಳಲ್ಲಿ) ಇಟ್ಟುಕೊಳ್ಳಿ. ಪರೀಕ್ಷೆಯ ಹೊತ್ತಿಗೆ ಮಾತ್ರ ರೆಕ್ಟ್‌ಗೆ ತುಂಬಿಸಿ. ಚೆಂಡನ್ನು ಹೊರಗೆ ತಳ್ಳಿದಾಗ ಆ ಹೊಸ ಜಾಗವನ್ನು ಫ್ಲೋಟ್‌ಗೂ ವಾಪಸ್ ಬರೆಯಿರಿ. ಅದನ್ನು ಮರೆತರೆ ಮುಂದಿನ ಹೆಜ್ಜೆಯಲ್ಲಿ ಚೆಂಡು ಮತ್ತೆ ಇಟ್ಟಿಗೆಯ ಒಳಗೇ ಇರುತ್ತದೆ.

ಚುಕ್ಕಿಗಣಿತ:
ಚೆಂಡು ದುಂಡಗಿದೆ, ಎಲ್ಲರೂ ಅದನ್ನು ಚೌಕ ಮಾಡಿಬಿಟ್ಟಿರಿ 😄

ದುಂಡನೆಯ ಪರೀಕ್ಷೆ ಕಷ್ಟವೇನಲ್ಲ. ಇಟ್ಟಿಗೆಯಲ್ಲಿ ಚೆಂಡಿನ ನಡುಬಿಂದುವಿಗೆ ಅತಿ ಹತ್ತಿರದ ಬಿಂದು ಯಾವುದು ಎಂದು ಹುಡುಕಿ. ನಡುಬಿಂದುವಿನ ಎಕ್ಸ್ ಇಟ್ಟಿಗೆಯ ಎಡಕ್ಕಿಂತ ಕಡಿಮೆ ಇದ್ದರೆ ಎಡ ಅಂಚು, ಬಲಕ್ಕಿಂತ ಜಾಸ್ತಿ ಇದ್ದರೆ ಬಲ ಅಂಚು, ನಡುವೆ ಇದ್ದರೆ ಅದೇ ಎಕ್ಸ್. ವೈಗೂ ಹಾಗೇ. ಆ ಬಿಂದುವಿನ ದೂರದ ವರ್ಗ, ತ್ರಿಜ್ಯದ ವರ್ಗಕ್ಕಿಂತ ಕಡಿಮೆ ಇದ್ದರೆ ತಾಗಿದೆ. ವರ್ಗಮೂಲ ಬೇಕಾಗಿಲ್ಲ.

ಒಂದು ಉದಾಹರಣೆ. ಇಟ್ಟಿಗೆಯ ಎಡ ಮೇಲ್ಮೂಲೆ (60, 50). ಚೆಂಡಿನ ನಡುಬಿಂದು (54, 44), ತ್ರಿಜ್ಯ 8. ಚೌಕವೆಂದು ಲೆಕ್ಕ ಹಾಕಿದರೆ ಅದರ ಬಲ ಅಂಚು 62, ಕೆಳ ಅಂಚು 52, ಹಾಗಾಗಿ ತಾಗಿದೆ. ದುಂಡಗೆಂದರೆ ದೂರದ ವರ್ಗ 36 + 36 = 72, ತ್ರಿಜ್ಯದ ವರ್ಗ 64. ತಾಗಿಲ್ಲ. ಪರದೆಯಲ್ಲಿ ಚೆಂಡಿಗೂ ಇಟ್ಟಿಗೆಗೂ ನಡುವೆ ಸಂದಿ ಕಾಣುತ್ತಿರುವಾಗಲೇ ಇಟ್ಟಿಗೆ ಒಡೆಯುವುದು ಇಂಥ ಕಡೆಯೇ.

ಮೂಲೆಯಿಂದ ಚೆಂದವಾಗಿ ಓರೆಗೆ ಪುಟಿಯಬೇಕೆಂದರೆ, ಹತ್ತಿರದ ಬಿಂದುವಿನಿಂದ ನಡುಬಿಂದುವಿಗೆ ಹೋಗುವ ದಿಕ್ಕನ್ನು ನಾರ್ಮಲ್ (ತಾಗಿದ ಮೇಲ್ಮೈಗೆ ಲಂಬವಾದ ದಿಕ್ಕು) ಆಗಿ ತೆಗೆದುಕೊಂಡು ವೇಗವನ್ನು ಅದರ ಸುತ್ತ ಪ್ರತಿಫಲಿಸಿ. ನಾರ್ಮಲ್‌ನ ಉದ್ದವನ್ನು 1 ಮಾಡಲು ದೂರದಿಂದ ಭಾಗಿಸುವುದಾದರೆ ಅಲ್ಲಿ ವರ್ಗಮೂಲ ಬೇಕು. ನಡುಬಿಂದು ಇಟ್ಟಿಗೆಯ ಒಳಗೇ ಹೋಗಿದ್ದರೆ ದೂರ ಸೊನ್ನೆ, ಸೊನ್ನೆಯಿಂದ ಭಾಗಿಸಿ ಆಟ ಕ್ರ್ಯಾಶ್ ಆಗುತ್ತದೆ, ಹುಷಾರು.

ಸೊನ್ನೆಒಂದು:
ಮೂಲೆಯಿಂದ ಓರೆಗೆ ಪುಟಿಯುವುದು ನನಗೇನೋ ಇಷ್ಟವಿಲ್ಲ. ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಆಡುವವರಿಗೆ ಅಂದಾಜೇ ಸಿಗುವುದಿಲ್ಲ. ತಾಗಿತೋ ಇಲ್ಲವೋ ಎಂದು ನೋಡಲು ದುಂಡು, ಪುಟಿಯುವುದಕ್ಕೆ ಚೌಕ, ಹೀಗೆ ಬೆರೆಸಬಹುದು.

ಮಿಡಿತೆ:
ಇನ್ನೊಂದು ಅನುಮಾನ. ಮುಂದೆ 200 ಇಟ್ಟಿಗೆ ಇರುವ ಲೆವೆಲ್ ಮಾಡುತ್ತೇನೆ. ಪ್ರತಿ ಹೆಜ್ಜೆಗೂ ಎಲ್ಲವನ್ನೂ ನೋಡಿದರೆ ನಿಧಾನವಾಗುವುದಿಲ್ಲವೇ?

ಗೆರೆಮನೆ:
ಒಂದು ಚೆಂಡಿಗೆ 200 ಪರೀಕ್ಷೆ ಏನೇನೂ ಅಲ್ಲ. ತೊಂದರೆ ಬರುವುದು ಎಲ್ಲವೂ ಎಲ್ಲದರ ಜೊತೆ ತಾಗಬಹುದಾದಾಗ. 100 ವಸ್ತುಗಳಿದ್ದರೆ 4,950 ಜೋಡಿ, 1,000 ಇದ್ದರೆ 4,99,500 ಜೋಡಿ. ಹತ್ತು ಪಟ್ಟು ವಸ್ತು, ಸುಮಾರು ನೂರು ಪಟ್ಟು ಕೆಲಸ.

ಆಗ ಪರದೆಯನ್ನು ಮನೆಗಳಾಗಿ ಭಾಗ ಮಾಡಿ, ಒಂದೇ ಮನೆಯಲ್ಲಿ ಅಥವಾ ಅಕ್ಕಪಕ್ಕದ ಮನೆಯಲ್ಲಿ ಇರುವವನ್ನು ಮಾತ್ರ ಹೋಲಿಸುತ್ತಾರೆ. ನಿಮ್ಮ ಇಟ್ಟಿಗೆಗಳು ಹೇಗೂ ಸಾಲಿನಲ್ಲಿವೆ. ಚೆಂಡಿನ ಎಕ್ಸ್ ಅನ್ನು 60ರಿಂದ, ವೈಯನ್ನು 20ರಿಂದ ಭಾಗಿಸಿದರೆ ಯಾವ ಇಟ್ಟಿಗೆ ಎಂದು ನೇರವಾಗಿ ಗೊತ್ತಾಗುತ್ತದೆ. ಭಾಗಿಸುವಾಗ ಇಂಟ್ (ದಶಾಂಶ ಕತ್ತರಿಸುವುದು) ಹಾಕಬೇಡಿ, ಫ್ಲೋರ್ (ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದು) ಹಾಕಿ. ಚೆಂಡು ಎಡ ಅಂಚಿನಾಚೆ −5ರಲ್ಲಿದ್ದರೆ ಇಂಟ್ ಅದನ್ನು 0ನೇ ಮನೆ ಎನ್ನುತ್ತದೆ, ಫ್ಲೋರ್ −1 ಎನ್ನುತ್ತದೆ.

ಚುಕ್ಕಿಗಣಿತ:
ಜೋಡಿಯ ಲೆಕ್ಕ ಬಂದದ್ದಕ್ಕೆ ನೆನಪಾಯಿತು. 1977ರ ಅಟಾರಿ 2600 ಯಂತ್ರದಲ್ಲಿ ಈ ಪರೀಕ್ಷೆಯನ್ನು ಚಿಪ್ಪೇ ಮಾಡುತ್ತಿತ್ತು. ಎರಡು ಆಟಗಾರರು, ಎರಡು ಕ್ಷಿಪಣಿ, ಒಂದು ಚೆಂಡು, ಒಂದು ಹಿನ್ನೆಲೆ ಮೈದಾನ, ಒಟ್ಟು 6 ವಸ್ತು. ಜೋಡಿಗಳು 15. ಪರದೆಗೆ ಚಿತ್ರ ಬಿಡಿಸುವಾಗ ಯಾವ ಎರಡು ಒಂದೇ ಚುಕ್ಕಿಯ ಮೇಲೆ ಬಂದವೋ ಆ ಜೋಡಿಯ ಬಿಟ್ ಹತ್ತಿಕೊಳ್ಳುತ್ತಿತ್ತು. ಪ್ರೋಗ್ರಾಂ ಬರೆಯುವವರು ಆ ಬಿಟ್ ಓದಿ, ಆಮೇಲೆ ಅಳಿಸಿದರಾಯಿತು. ಚುಕ್ಕಿ ಚುಕ್ಕಿಗೂ ನಿಖರ, ಅದೂ ಪುಕ್ಕಟೆ. ಆದರೆ ಯಾವ ಪಕ್ಕಕ್ಕೆ ತಾಗಿತು ಎಂದು ಮಾತ್ರ ಹೇಳುತ್ತಿರಲಿಲ್ಲ.

ಬಿಟ್‌ಬಳ್ಳಿ:
ಮಿಡಿತೆ ಅವರೇ, ಒಂದು ಕೀ ಒತ್ತಿದರೆ ಎಲ್ಲ ರೆಕ್ಟ್‌ಗಳ ಗೆರೆಯೂ ಕೆಂಪಾಗಿ ಕಾಣುವ ಹಾಗೆ ಮಾಡಿಕೊಳ್ಳಿ. ಇನ್ನೊಂದು ಕೀಗೆ ಆಟ ಒಂದೊಂದೇ ಹೆಜ್ಜೆ ನಡೆಯಲಿ. ಇಲ್ಲಿ ನಡೆದ ಅರ್ಧ ಚರ್ಚೆ ಬೇಕಾಗುತ್ತಲೇ ಇರಲಿಲ್ಲ.

ಮಿಡಿತೆ:
ಹಾಕಿಕೊಂಡೆ. ಕೊನೆಯ ಪ್ರಶ್ನೆ: ಪ್ಯಾಡಲ್‌ನ ತುದಿಗೆ ತಾಗಿದರೆ ಚೆಂಡು ಜಾಸ್ತಿ ಓರೆಯಾಗಿ, ನಡುವೆ ತಾಗಿದರೆ ನೇರವಾಗಿ ಹೋಗಬೇಕು. ಅದಕ್ಕೆ ನಾರ್ಮಲ್ ಲೆಕ್ಕ ಬೇಕಾ?

ಸೊನ್ನೆಒಂದು:
ಬೇಡ, ಅಲ್ಲಿ ಪ್ರತಿಫಲನವನ್ನೇ ಮರೆತುಬಿಡಿ. ಚೆಂಡಿನ ನಡುಬಿಂದು ಪ್ಯಾಡಲ್‌ನ ನಡುವಿನಿಂದ ಎಷ್ಟು ದೂರ ಇದೆ ಎಂದು ನೋಡಿ, ಪ್ಯಾಡಲ್‌ನ ಅರ್ಧ ಅಗಲದಿಂದ ಭಾಗಿಸಿ:

ಪಾಲು = (ಚೆಂಡು.ನಡು − ಪ್ಯಾಡಲ್.ನಡು) / 50
ಪಾಲನ್ನು −1 ಮತ್ತು 1ರ ಒಳಗೆ ಹಿಡಿದಿಡು
ಕೋನ = ಪಾಲು × 60 ಡಿಗ್ರಿ
ಎಕ್ಸ್ ವೇಗ = 900 × ಸೈನ್(ಕೋನ)
ವೈ ವೇಗ = −900 × ಕಾಸ್(ಕೋನ)

ಎರಡನೇ ಸಾಲು ಬಿಡಬೇಡಿ. ಚೆಂಡಿನ ನಡುಬಿಂದು ಪ್ಯಾಡಲ್ ಅಂಚಿನಿಂದ 8 ಪಿಕ್ಸೆಲ್ ತನಕ ಹೊರಗಿರಬಹುದು. ಆಗ ಪಾಲು 1.16ರ ಹತ್ತಿರ ಹೋಗಿ ಕೋನ 70 ಡಿಗ್ರಿ ಮುಟ್ಟುತ್ತದೆ. ಚೆಂಡು ಗೋಡೆಯಿಂದ ಗೋಡೆಗೆ ಅಡ್ಡಾಡುತ್ತಾ ಮೇಲೆ ಹೋಗಲು ಹೊತ್ತು ತೆಗೆದುಕೊಳ್ಳುತ್ತದೆ, ಆಡುವವರಿಗೆ ಬೇಜಾರು. ಸೈನ್, ಕಾಸ್‌ಗೆ ಪೈಥಾನ್ ರೇಡಿಯನ್ ಕೇಳುತ್ತದೆ, ಡಿಗ್ರಿಯನ್ನು ಹಾಗೇ ಕೊಡಬೇಡಿ.